ಉಸಿರನ್ನು ಏಕೆ ಹಿಡಿಯಬಾರದು?

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಪರಿಚಯದ ವಿದ್ಯಾರ್ಥಿಯೊಬ್ಬನು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಸಾಗಿ, ಸಮುದ್ರದೊಳಗೆ ಮುಳುಗಿ ಎದ್ದುಬಂದನು. ಊರಿಗೆ ಹಿಂದಿರುಗಿದ ಮರುದಿನವೇ ನಮ್ಮಲ್ಲಿಗೆ ಬಂದು ಒಂದು ಛಾಯಾಚಿತ್ರವನ್ನು ತೋರಿಸಿದನು. ಬೆನ್ನಿಗೆ ಸಿಲಿಂಡರ್, ಮುಖಕ್ಕೆ ಗಾಜಿನ ಮುಖವಾಡ, ಬಾಯಲ್ಲಿ ರಬ್ಬರಿನ ಕಚ್ಚುಪಟ್ಟಿ, ಸುತ್ತಲೂ ಪಟ್ಟೆಪಟ್ಟೆಯ ಮೀನುಗಳು. ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಕೂಡಿಸಿ 'ಎಲ್ಲವೂ ಸರಿಯಾಗಿದೆ' ಎಂಬ ಸಂಜ್ಞೆಯನ್ನು ಮಾಡುತ್ತಿರುವ ನಮ್ಮ ಹುಡುಗ. ಚಿತ್ರವು ಬಹಳ ಚೆನ್ನಾಗಿತ್ತು. ನಾವು ಸಂತೋಷಪಟ್ಟೆವು.

ಆದರೆ ಮೇಷ್ಟರ ಚಾಳಿಯು ಅಷ್ಟು ಸುಲಭವಾಗಿ ಬಿಡುವಂಥದಲ್ಲ. "ನೀರಿಗಿಳಿಯುವ ಮುಂಚೆ ನಿನಗೆ ಏನೇನು ಹೇಳಿಕೊಟ್ಟರು?" ಎಂದು ಕೇಳಿದೆವು. ಮೂಗಿನಿಂದ ಉಸಿರಾಡಬಾರದು, ಕಿವಿ ನೊಂದರೆ ಮೂಗನ್ನು ಹಿಡಿದು ಮೆಲ್ಲನೆ ಊದಬೇಕು, ಏನೇ ಆದರೂ ಉಸಿರನ್ನು ಹಿಡಿಯಬಾರದು ಎಂದು ಹೇಳಿದರಂತೆ. "ಉಸಿರನ್ನು ಏಕೆ ಹಿಡಿಯಬಾರದು?" ಎಂದೆವು. ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, "ಹಿಡಿದರೆ ಆಮ್ಲಜನಕ ಸಾಲದೆ ಮೂರ್ಛೆ ಹೋಗಬಹುದು" ಎಂದನು. ಈತನು ಭೌತಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿ. ಬಾಯ್ಲನ ನಿಯಮವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲನು. ಆ ನಿಯಮವೇ ತನ್ನ ಎದೆಯೊಳಗೆ ಕುಳಿತು ನೇತ್ರಾಣಿಯವರೆಗೂ ಬಂದಿತ್ತೆಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ, ಹೇಳಿಕೊಡಬೇಕಾಗಿದ್ದವರೂ ಹೇಳಿರಲಿಲ್ಲ.

ಇದು ಅವನೊಬ್ಬನ ತಪ್ಪೆಂದು ನಾವು ಭಾವಿಸುವುದಿಲ್ಲ. ಆ ಬಳಿಕ ಹೀಗೆ ಮುಳುಗಿ ಬಂದ ಇನ್ನೂ ಐದಾರು ತರುಣ ತರುಣಿಯರನ್ನು ಇದೇ ಪ್ರಶ್ನೆ ಕೇಳಿದೆವು. ಒಬ್ಬ ಹುಡುಗಿಯು ಮಾತ್ರ ಸರಿಯಾದ ಉತ್ತರದ ಹತ್ತಿರ ಸುಳಿದಳು. ಕಾರಣವನ್ನು ತಿಳಿಸದೆ ನಿಯಮವನ್ನಷ್ಟೇ ಒಪ್ಪಿಸಿ ಹೊಸಬರನ್ನು ನೀರಿಗೆ ಇಳಿಸುವ ಈಗಿನ ಕ್ರಮವು ಸರಿಯಲ್ಲವೆಂದೂ, ಅದನ್ನು ಬದಲಾಯಿಸುವುದು ಕಷ್ಟವೇನೂ ಅಲ್ಲವೆಂದೂ ನಮಗೆ ತೋರುತ್ತದೆ.

ಮುರುಡೇಶ್ವರದ ಕರೆಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ನೇತ್ರಾಣಿಯೆಂಬ ಪುಟ್ಟ ದ್ವೀಪವಿದೆ. ಜನವಸತಿಯಿಲ್ಲ, ಕಡಿದಾದ ಬಂಡೆಗಳು, ಅವುಗಳ ಮೇಲೆ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದುಗಳು, ಕೆಳಗೆ ನೀರಿನೊಳಗೆ ಹವಳ ಮತ್ತು ಮೀನುಗಳ ಸಂಸಾರ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ, ಮತ್ತೆ ಮಳೆ ಹತ್ತಿರವಾಗುವವರೆಗೆ ದೋಣಿಗಳು ಅಲ್ಲಿಗೆ ಹೋಗಿಬರುತ್ತವೆ. ಹೋಗುವವರಲ್ಲಿ ಹೆಚ್ಚಿನವರು ಹಿಂದೆಂದೂ ಮುಳುಗಿದವರಲ್ಲ. ಎಷ್ಟೋ ಮಂದಿಗೆ ಈಜೂ ಬಾರದು. ಅವರಿಗಾಗಿ ಏರ್ಪಟ್ಟಿರುವುದು ಒಂದೇ ದಿನದ ಪರಿಚಯದ ಮುಳುಗು. ಮಾರ್ಗದರ್ಶಿಯು ಹೊಸಬನ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡು, ಅವನನ್ನು ಮಗುವಿನಂತೆ ನಡೆಸಿಕೊಂಡು ಹೋಗಿ, ಕೆಲವು ನಿಮಿಷ ಮೀನುಗಳನ್ನು ತೋರಿಸಿ, ಮೇಲಕ್ಕೆ ತರುತ್ತಾನೆ. ಇಂಥ ಪರಿಚಯದ ಮುಳುಗಿಗೆ ಅಂತರರಾಷ್ಟ್ರೀಯ ಸಂಸ್ಥೆಗಳು ವಿಧಿಸಿರುವ ಮಿತಿ 12 ಮೀಟರ್. ಸಾವಿರಾರು ಮಂದಿ ಹೀಗೆ ಇಳಿದು ಸುಖವಾಗಿ ಬಂದಿದ್ದಾರೆ. ಮಾರ್ಗದರ್ಶಿಗಳಲ್ಲಿ ನಾವು ಕಂಡವರು ಎಚ್ಚರಿಕೆಯುಳ್ಳವರು. ಇಷ್ಟನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಈಗ ಕಾರಣದ ವಿಚಾರ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಮಂತ್ರವು ತಿಳಿದಿತ್ತಂತೆ. ಮಂತ್ರವರಿಯದ ಹಳ್ಳಿಯ ಹುಡುಗರು ಪರಂಗಿಯ ಎಲೆಯ ಟೊಳ್ಳು ತೊಟ್ಟನ್ನು ಬಾಯಲ್ಲಿಟ್ಟುಕೊಂಡು, ಅದರ ತುದಿಯನ್ನು ನೀರಿನ ಮೇಲಕ್ಕೆ ಚಾಚಿ, ಕೆರೆಯಲ್ಲಿ ಅಡಗುವುದುಂಟು. ತಲೆಯು ನೀರಿನ ಮಟ್ಟಕ್ಕೆ ತುಸು ಕೆಳಗಿರುವವರೆಗೆ ಈ ಉಪಾಯ ನಡೆಯುವುದು. ತೊಟ್ಟಿನ ಬದಲು ಎರಡು ಮೀಟರ್ ಉದ್ದದ ಕೊಳವೆಯನ್ನು ತಂದು ಇನ್ನೂ ಕೆಳಗೆ ಕುಳಿತರೆ? ಕೊಳವೆಯಲ್ಲಿ ಗಾಳಿಗೇನೂ ಕೊರತೆಯಿಲ್ಲ. ಆದರೂ ಉಸಿರನ್ನು ಎಳೆದುಕೊಳ್ಳುವುದು ಸಾಧ್ಯವಾಗುವುದಿಲ್ಲ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ 100 ಗ್ರಾಂ ತೂಕದಷ್ಟು ಹೆಚ್ಚಾಗಿ ಒತ್ತುವುದು. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಎದೆಯ ಮೇಲೆ ಇದು 90 ಕಿಲೋಗ್ರಾಮಿಗಿಂತ ಹೆಚ್ಚಾಯಿತು. ಒಳ್ಳೆಯ ಮೈಕಟ್ಟಿನ ಆಳೊಬ್ಬನನ್ನು ಎದೆಯ ಮೇಲೆ ಕೂರಿಸಿಕೊಂಡು ಉಸಿರೆಳೆಯಲು ಯತ್ನಿಸಿದರೆ ಆಗುವ ಅವಸ್ಥೆಯೇ ಇಲ್ಲಿಯೂ. ಕೊಳವೆಯೊಳಗಿನ ಗಾಳಿಯು ಮೇಲಿನ ವಾಯುಮಂಡಲದ ಒತ್ತಡದಲ್ಲಿದೆ, ಎದೆಯ ಮೇಲಿರುವುದು ಕೆಳಗಿನ ನೀರಿನ ಒತ್ತಡ. ಸೋಲುವುದು ಎದೆಯ ಸ್ನಾಯುಗಳು.

ಆದುದರಿಂದ ನೀರೊಳಗೆ ಇರುವವನಿಗೆ ಗಾಳಿಯಿದ್ದರೆ ಸಾಲದು. ಆ ಗಾಳಿಯು ಅವನಿರುವ ಆಳದ ಒತ್ತಡದಲ್ಲಿಯೇ ಒದಗಬೇಕು. ಆಳ ಬದಲಾದಂತೆ ಅದೂ ಬದಲಾಗಬೇಕು. ಈ ಸಮಸ್ಯೆಗೆ ಜನಸಾಮಾನ್ಯರ ಕೈಗೆಟುಕುವ ಪರಿಹಾರವು ಎರಡನೆಯ ಮಹಾಯುದ್ಧದ ನಡುವೆ ದೊರಕಿತು. ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಅಭಾವ. ಮೋಟಾರುಗಳನ್ನು ಒಲೆಯ ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರನು ಒಂದು ಕವಾಟವನ್ನು ರಚಿಸಿದ್ದನು. ಎಂಜಿನ್ನು ಎಳೆದುಕೊಂಡಷ್ಟನ್ನೇ ಅದು ಒದಗಿಸುತ್ತಿತ್ತು. ನೌಕಾದಳದ ಅಧಿಕಾರಿಯಾಗಿದ್ದ ಝಾಕ್ ಕೂಸ್ತೋ ಅದನ್ನು ಕಂಡು, ಎಂಜಿನ್ನಿನ ಜಾಗದಲ್ಲಿ ಮನುಷ್ಯನನ್ನು ಇಟ್ಟರೆ ಹೇಗೆಂದು ಯೋಚಿಸಿದನು. 1943ರಲ್ಲಿ ಇಬ್ಬರೂ ಕೂಡಿ ತಯಾರಿಸಿದ ಸಾಧನವನ್ನು ಮೊದಲು ಮಾರ್ನ್ ನದಿಯಲ್ಲಿಯೂ ಬಳಿಕ ಮೆಡಿಟರೇನಿಯನ್ ಸಮುದ್ರದಲ್ಲಿಯೂ ಪರೀಕ್ಷಿಸಿದರು. ಇಂದು ನೇತ್ರಾಣಿಯ ದೋಣಿಯಲ್ಲಿ ಬಾಡಿಗೆಗೆ ದೊರೆಯುವ ರೆಗ್ಯುಲೇಟರ್ ಅದರ ಮರಿಮಗುವೇ. ಸಿಲಿಂಡರಿನಲ್ಲಿ ವಾಯುಮಂಡಲದ ಸುಮಾರು 200 ಪಾಲು ಒತ್ತಡದಲ್ಲಿ ತುಂಬಿರುವ ಗಾಳಿಯನ್ನು ಅದು ಎರಡು ಹಂತಗಳಲ್ಲಿ ಇಳಿಸಿ, ಬಾಯಿಗೆ ಬರುವ ಹೊತ್ತಿಗೆ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಮಾಡುವುದು. 'ಸ್ಕೂಬಾ' ಎಂಬುದು ಇಂಗ್ಲಿಷಿನ ಐದು ಪದಗಳ ಮೊದಲಕ್ಷರಗಳ ಕೂಟ. ನೀರಿನೊಳಗೆ ಉಸಿರಾಡಲು ತಾನೇ ಹೊತ್ತೊಯ್ಯುವ ಸಾಧನ ಎಂದು ಅರ್ಥ.

ಸಾಧನದ ಸೊಗಸೆಲ್ಲ ಇದರಲ್ಲಿದೆ, ಅಪಾಯವೂ ಇದರಲ್ಲಿಯೇ ಇದೆ. ನಮ್ಮ ಕರಾವಳಿಯಲ್ಲಿ ಬಂಡೆಗಳಿಗೆ ಅಂಟಿಕೊಂಡ ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನು ಮುಳುಗಿ ಕಿತ್ತು ತರುವವರು ಉಸಿರನ್ನು ಹಿಡಿದೇ ಮುಳುಗುತ್ತಾರೆ. ಮನ್ನಾರ್ ಕೊಲ್ಲಿಯಲ್ಲಿ ಮುತ್ತು ತೆಗೆಯುತ್ತಿದ್ದವರೂ ಹಾಗೆಯೇ ಮುಳುಗುತ್ತಿದ್ದರು. ಅವರ ಶ್ವಾಸಕೋಶವೇಕೆ ಒಡೆಯುವುದಿಲ್ಲ? ಲೆಕ್ಕ ಹಾಕೋಣ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡವು ಹೆಚ್ಚುವುದು. ಮೇಲೆ ಒಂದು, 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು, 30ರಲ್ಲಿ ನಾಲ್ಕು. ನೀಲಿಕಲ್ಲಿನವನು ಮೇಲೆ 6 ಲೀಟರ್ ಗಾಳಿಯನ್ನು ತುಂಬಿಕೊಂಡು 10 ಮೀಟರಿಗೆ ಇಳಿದನೆನ್ನೋಣ. ಒತ್ತಡವು ಇಮ್ಮಡಿಯಾದುದರಿಂದ ಅವನೆದೆಯ ಗಾಳಿಯು 3 ಲೀಟರಿಗೆ ಕುಗ್ಗುವುದು. ಮೇಲೆ ಬಂದಾಗ ಮತ್ತೆ 6 ಲೀಟರಾಗುವುದು. ತಂದ ಗಂಟನ್ನೇ ಹಿಂದಕ್ಕೆ ಒಯ್ದಂತಾಯಿತು. ಸ್ಕೂಬಾ ಮುಳುಗುಗಾರನ ಸ್ಥಿತಿ ಬೇರೆ. ಅವನು 10 ಮೀಟರ್ ಕೆಳಗೆ, ಇಮ್ಮಡಿ ಒತ್ತಡದ ಗಾಳಿಯಿಂದ, ತನ್ನ 6 ಲೀಟರ್ ಶ್ವಾಸಕೋಶವನ್ನು ಪೂರ್ತಿಯಾಗಿ ತುಂಬಿಕೊಳ್ಳುತ್ತಾನೆ. ಬಾಯಿ ಮುಚ್ಚಿ ಹಾಗೆಯೇ ಮೇಲಕ್ಕೆ ಬಂದನೆಂದರೆ ಆ ಗಾಳಿಯು 12 ಲೀಟರ್ ಜಾಗವನ್ನು ಕೇಳುವುದು. ಅಷ್ಟು ಜಾಗವು ಎದೆಯಲ್ಲಿಲ್ಲ.

ಇಷ್ಟೇ ಆ ನಿಯಮದ ಕಾರಣ. 1662ರಲ್ಲಿ ರಾಬರ್ಟ್ ಬಾಯ್ಲನು ಪ್ರಕಟಿಸಿದ್ದು, ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಅಂಕಗಳಿಗಾಗಿ ಬರೆಯುವಂಥದು.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದರೆ, ದೋಣಿಗಳಲ್ಲಿ ನಾವು ಮತ್ತೆ ಮತ್ತೆ ಕೇಳಿದ ಒಂದು ಸಮಾಧಾನದ ಮಾತು ಎಷ್ಟು ಅರೆಬೆಂದುದೆಂದು ಕಾಣುವುದು. "ಆಳವೇನೂ ಇಲ್ಲ, ಐದಾರು ಮೀಟರ್ ಅಷ್ಟೆ, ಹೆದರಬೇಡಿ" ಎನ್ನುತ್ತಾರೆ. 30 ಮೀಟರಿನಿಂದ 20ಕ್ಕೆ ಏರಿದರೆ ಒತ್ತಡವು ನಾಲ್ಕರಿಂದ ಮೂರಕ್ಕೆ ಇಳಿಯುವುದು; ಗಾಳಿಯು ಮೂರನೆಯ ಒಂದು ಪಾಲಿನಷ್ಟು ಹಿಗ್ಗುವುದು. 20ರಿಂದ 10ಕ್ಕೆ ಏರಿದರೆ ಅರ್ಧಪಾಲು ಹಿಗ್ಗುವುದು. 10ರಿಂದ ಮೇಲಕ್ಕೆ ಬಂದರೆ ಇಮ್ಮಡಿಯೇ ಆಗುವುದು. ಅಂದರೆ ಗಾಳಿಯ ಗಾತ್ರವು ಅತ್ಯಂತ ಬಿರುಸಾಗಿ ಬದಲಾಗುವುದು ಆಳದಲ್ಲಿ ಅಲ್ಲವೇ ಅಲ್ಲ, ಮೇಲಿನ ಹತ್ತು ಮೀಟರಿನಲ್ಲಿ. ಹೊಸಬರನ್ನು ಕರೆದೊಯ್ಯುವುದೂ ಅಲ್ಲಿಗೇ. ಮುರುಡೇಶ್ವರದ ಶಿವನ ವಿಗ್ರಹವು 37 ಮೀಟರ್ ಎತ್ತರದ್ದು. ಅದು ಪೂರ್ತಿ ಮುಳುಗುವಷ್ಟು ಆಳದ ನೀರನ್ನು ಕಲ್ಪಿಸಿಕೊಂಡರೆ ಯಾರಿಗಾದರೂ ಭಯವಾಗುತ್ತದೆ, ಎಚ್ಚರವೂ ಹುಟ್ಟುತ್ತದೆ. ಎರಡಾಳು ಮೂರಾಳು ನೀರೆಂದರೆ ಅಂಥ ಎಚ್ಚರ ಹುಟ್ಟುವುದಿಲ್ಲ. ಆದರೆ 5 ಮೀಟರಿನಲ್ಲಿ ತುಂಬಿಕೊಂಡ 6 ಲೀಟರ್ ಗಾಳಿಯು ಮೇಲೆ 9 ಲೀಟರ್ ಆಗುವುದು. ಈಜುಕೊಳದಲ್ಲಿ, ಒಂದೆರಡು ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿಯನ್ನು ಎಳೆದು ಉಸಿರು ಕಟ್ಟಿ ಎದ್ದವರಿಗೂ ಶ್ವಾಸಕೋಶಕ್ಕೆ ಪೆಟ್ಟಾದ ಸಂಗತಿಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ.

ಆ ಪೆಟ್ಟು ಎಂಥದು? ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳ ಗೋಡೆಯು ಅತಿ ತೆಳು. ತೆಳುವಾಗಿರುವುದರಿಂದಲೇ ಆಮ್ಲಜನಕವು ರಕ್ತಕ್ಕೆ ದಾಟುವುದು. ಅದು ಹರಿದರೆ ಗಾಳಿಯ ಗುಳ್ಳೆಗಳು ನೇರವಾಗಿ ರಕ್ತನಾಳವನ್ನು ಹೊಕ್ಕು, ಹೃದಯದ ಮೂಲಕ ಮಿದುಳಿಗೆ ಹೋಗಿ, ಅಲ್ಲಿ ಸಣ್ಣ ನಾಳಗಳನ್ನು ಮುಚ್ಚಬಲ್ಲವು. ಇನ್ನೂ ವಿಚಿತ್ರವಾದ ವಿಷಯವೆಂದರೆ, ಶ್ವಾಸಕೋಶವು ಮಿತಿಮೀರಿ ಹಿಗ್ಗುತ್ತಿರುವಾಗ ಎಚ್ಚರಿಸುವಷ್ಟು ನೋವು ಬರುವುದೆಂದು ನಂಬುವಂತಿಲ್ಲ. ಕಿವಿಯು ಕೂಗಿ ಹೇಳುವುದು, ಹಲ್ಲೂ ಹೇಳುವುದು, ಶ್ವಾಸಕೋಶವು ಹೇಳದು. ದೇಹವು ಹೇಳದ ಸಂಗತಿಯನ್ನು ಬುದ್ಧಿಯೇ ನೆನಪಿಟ್ಟುಕೊಳ್ಳಬೇಕಾಗಿದೆ.

ಬುದ್ಧಿಯೊಂದೇ ಸಾಕೆಂದು ನಾವು ಹೇಳುತ್ತಿಲ್ಲ. ಇಲ್ಲಿ ನಮ್ಮ ಸ್ವಂತ ಪರಾಭವವೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಕೆಳಗೆ, ತಲೆ ನರೆತ ಮೇಲೆ, ನಾವು ಅಂಡಮಾನಿನ ಒಂದು ದ್ವೀಪದಲ್ಲಿ ಈ ವಿದ್ಯೆಯ ಪೂರ್ಣ ಪಾಠಕ್ಕೆ ಸೇರಿದೆವು. ಕರಿಹಲಗೆಯ ಮೇಲೆ ಬಾಯ್ಲನ ನಿಯಮವನ್ನು ಬರೆದು ಬರೆದು ಕೈ ಸವೆಸಿದವರಿಗೆ ಇದೇನು ಮಹಾ ಎಂಬ ಸಣ್ಣ ಹೆಮ್ಮೆಯೂ ಇತ್ತು. ಮೊದಲನೆಯ ದಿನ, ಎದೆಮಟ್ಟದ ನೀರಿನಲ್ಲಿ ಮಂಡಿಯೂರಿ ಕುಳಿತು, ಮುಖವಾಡದೊಳಗೆ ನೀರು ತುಂಬಿಕೊಂಡು ಮೂಗಿನಿಂದ ಊದಿ ಹೊರದೂಡುವ ಅಭ್ಯಾಸ. ಉಪ್ಪುನೀರು ಮೂಗಿಗೆ ಏರಿತು. ಮರುಕ್ಷಣದಲ್ಲಿ ನಾವು ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಉಸಿರನ್ನು ಕಟ್ಟಿ, ಕಾಲಿನಿಂದ ನೆಲವನ್ನು ಒದ್ದು ಎದ್ದು ನಿಂತಿದ್ದೆವು. ಬಾಯ್ಲನೂ ಇಲ್ಲ, ನಿಯಮವೂ ಇಲ್ಲ! ಬೋಧಕನು ನಗಲಿಲ್ಲ. ಬಾಯಿಯ ಸಾಧನವನ್ನು ತೆಗೆಯುವಂತೆ ಹೇಳಿ, "ಈಗ ಉಸಿರು ಎಲ್ಲಿತ್ತು?" ಎಂದು ಮಾತ್ರ ಕೇಳಿದನು. ಆ ಪ್ರಶ್ನೆಯು ಇಂದಿಗೂ ನಮ್ಮ ಕಿವಿಯಲ್ಲಿದೆ.

ನೀರೆಂದೊಡನೆ ಉಸಿರು ಕಟ್ಟುವುದು ಹುಟ್ಟಿದಂದಿನಿಂದ ಬಂದ ಅಭ್ಯಾಸ. ತಲೆಯ ಮೇಲೆ ತಂಬಿಗೆ ನೀರು ಸುರಿಯುವಾಗ ಪ್ರತಿಯೊಬ್ಬ ತಾಯಿಯೂ ಮಗುವಿಗೆ ಹೇಳುವುದು ಅದನ್ನೇ. ಈಜು ಕಲಿಸುವವರು ಹೇಳುವುದೂ ಅದನ್ನೇ. ಈ ಹಳೆಯ ಪಾಠವನ್ನು ಅಳಿಸಿ ಹೊಸ ಪಾಠವನ್ನು ಬರೆಯಲು ಹತ್ತು ನಿಮಿಷದ ಉಪದೇಶವು ಸಾಲದು. ನಾವು ಆ ಮುಖವಾಡದ ಅಭ್ಯಾಸವನ್ನು ಹನ್ನೆರಡು ಸಲವೋ ಹದಿಮೂರು ಸಲವೋ ಮಾಡಿದೆವು. ಬಾಯಿಯಿಂದ ಕಳಚಿಹೋದ ರೆಗ್ಯುಲೇಟರನ್ನು ತೋಳು ಬೀಸಿ ಹುಡುಕಿ ತೆಗೆಯುವುದು, ಜೊತೆಗಾರನ ಗಾಳಿಯನ್ನು ಹಂಚಿಕೊಳ್ಳುವುದು, ಗಾಳಿ ಮುಗಿದರೆ 'ಆ' ಎಂದು ದನಿಗೈಯುತ್ತ ಮೆಲ್ಲನೆ ಮೇಲೇರುವುದು, ಎಲ್ಲವನ್ನೂ ಬೇಸರ ಬರುವಷ್ಟು ಮಾಡಿಸಿದರು. 'ಆ' ಎನ್ನುತ್ತಿರುವವನ ಗಂಟಲು ಮುಚ್ಚಲಾರದು, ಹಿಗ್ಗಿದ ಗಾಳಿಯು ತಾನಾಗಿ ಹೊರಬೀಳುವುದು. ಅರುವತ್ತರ ಹತ್ತಿರದಲ್ಲಿ ನಮಗೆ ಎರಡನೆಯ ಸಲ ಅಕ್ಷರಾಭ್ಯಾಸವಾಯಿತು. ಅದೂ ಎರಡನೆಯ ಅಕ್ಷರದಿಂದ. ಕಾರಣವು ತಿಳಿದಿದ್ದುದರಿಂದ ಈ ಅಭ್ಯಾಸವು ನಮಗೆ ಕವಾಯತು ಎನಿಸಲಿಲ್ಲ; ಅಭ್ಯಾಸವಿಲ್ಲದಿದ್ದರೆ ಆ ತಿಳಿವಳಿಕೆಯು ಕರಿಹಲಗೆಯ ಮೇಲೆಯೇ ಉಳಿಯುತ್ತಿತ್ತು.

ಕಿವಿಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ತಮಟೆಯ ಹಿಂದಿನ ಗಾಳಿಯು ಗಂಟಲಿಗೆ ಸಣ್ಣ ನಾಳದ ಮೂಲಕ ಸೇರಿದೆ. ಇಳಿಯುವಾಗ ಆ ನಾಳವನ್ನು ನುಂಗುವುದರಿಂದಲೋ, ಮೂಗು ಹಿಡಿದು ಮೆಲ್ಲನೆ ಊದುವುದರಿಂದಲೋ ತೆರೆಯಬೇಕು. ನೋವು ಬಂದ ಮೇಲೆ ಅಲ್ಲ, ಬರುವ ಮುಂಚೆಯೇ, ಮೀಟರಿಗೊಮ್ಮೆ. ನೆಗಡಿಯಾದಾಗ ನಾಳವು ಕಟ್ಟಿರುವುದರಿಂದ ಅಂದು ಮುಳುಗುವಂತಿಲ್ಲ. ಹಣ ಕಟ್ಟಿಬಿಟ್ಟಿದ್ದೇವೆಂದು ನೆಗಡಿಯನ್ನೂ ಉಬ್ಬಸವನ್ನೂ ಮುಚ್ಚಿಟ್ಟು ಆರೋಗ್ಯದ ಪತ್ರಕ್ಕೆ ಸಹಿ ಹಾಕುವ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಆ ಪತ್ರವು ದೋಣಿಯ ಮಾಲೀಕನ ರಕ್ಷಣೆಗಾಗಿ ಇರುವುದೆಂದು ಅವರು ತಿಳಿದಿದ್ದಾರೆ. ಅದರಲ್ಲಿನ ಪ್ರಶ್ನೆಗಳೆಲ್ಲ ಅವರವರ ಎದೆಯ ಮತ್ತು ಕಿವಿಯ ಗಾಳಿಯನ್ನು ಕುರಿತವು ಎಂದು ಯಾರೂ ಹೇಳಿಕೊಟ್ಟಿಲ್ಲ.

ನಿಯಮಗಳ ಹಿಂದೆ ಕಾರಣಗಳನ್ನು ಹುಡುಕಿದ ಚರಿತ್ರೆಯೂ ಸ್ವಾರಸ್ಯವಾದುದು. ನಿರ್ವಾತದ ಪ್ರಯೋಗವನ್ನು ಮಾಡುತ್ತಿದ್ದ ಬಾಯ್ಲನು, ಗಾಳಿಯನ್ನು ಹೊರತೆಗೆದಾಗ ಒಂದು ಹಾವಿನ ಕಣ್ಣಿನಲ್ಲಿ ಗುಳ್ಳೆಯೊಂದು ಅತ್ತಿತ್ತ ಚಲಿಸಿದುದನ್ನು 1670ರಲ್ಲಿಯೇ ವರದಿ ಮಾಡಿದ್ದನು. ಅದರ ಅರ್ಥವು ಸ್ಪಷ್ಟವಾಗಲು ಇನ್ನೂರು ವರ್ಷಗಳು ಬೇಕಾದುವು. ಒತ್ತಡದಲ್ಲಿ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗಿದ ಸಾರಜನಕವು ಒತ್ತಡವು ತಟ್ಟನೆ ಇಳಿದಾಗ, ಸೋಡಾ ಬಾಟಲಿಯ ಬಾಯಿ ತೆರೆದಂತೆ, ಗುಳ್ಳೆಗಳಾಗಿ ಹೊರಡುವುದೆಂದು ಪಾಲ್ ಬೆರ್ ಎಂಬ ಫ್ರೆಂಚ್ ವಿಜ್ಞಾನಿಯು 1878ರಲ್ಲಿ ತೋರಿಸಿದನು. ಎಷ್ಟು ನಿಧಾನವಾಗಿ ಮೇಲೇರಿದರೆ ಕ್ಷೇಮವೆಂಬುದನ್ನು ಜಾನ್ ಸ್ಕಾಟ್ ಹಾಲ್ಡೇನನು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಕಂಡುಹಿಡಿದು, 1908ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದನು. ಆ ಪ್ರಯೋಗಗಳ ಕಾಲದಲ್ಲಿ, 1906ರಲ್ಲಿ, ಅವನ ಹದಿಮೂರು ವರ್ಷದ ಮಗನೂ ಸ್ಕಾಟ್ಲೆಂಡಿನ ಕಡಲಿಗೆ ಇಳಿದಿದ್ದನು. ದೊಡ್ಡವರ ಅಳತೆಯ ಮುಳುಗುಡುಪು, ಒಳಗೆ ನೀರು ಸೋರಿತು, ಹುಡುಗನು ಧೃತಿಗೆಡಲಿಲ್ಲ. ಆತನೇ ಮುಂದೆ ಹೆಸರಾಂತ ಜೀವವಿಜ್ಞಾನಿಯಾದ ಜೆ. ಬಿ. ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ತಂದೆಯು ಮಗನನ್ನು ಬರಿಯ ಧೈರ್ಯವನ್ನು ನಂಬಿ ನೀರಿಗೆ ಇಳಿಸಿರಲಾರನೆಂದೂ, ಮೊದಲು ಲೆಕ್ಕವನ್ನು ಹೇಳಿಕೊಟ್ಟೇ ಇಳಿಸಿರಬೇಕೆಂದೂ ನಾವು ಊಹಿಸುತ್ತೇವೆ.

ಇಂದಿನ ಕಲಿಯುವವರು ನಿಮಿಷಕ್ಕೆ 9 ಮೀಟರಿಗಿಂತ ಬೇಗನೆ ಏರಬಾರದೆಂದೂ, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕೆಂದೂ, ಮುಳುಗಿದ ಮೇಲೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ವಿಮಾನವನ್ನು ಏರಬಾರದೆಂದೂ ಕೇಳುವ ಬುದ್ಧಿವಾದವೆಲ್ಲ ಆ ಸೋಡಾ ಬಾಟಲಿಯಿಂದ ಬಂದುದೇ.

ನಮ್ಮ ಮಾತಿಗೆ ಆಕ್ಷೇಪಗಳಿವೆ. ದೋಣಿ ನಡೆಸುವ ಮಿತ್ರರೊಬ್ಬರು, "ಶ್ವಾಸಕೋಶ ಹರಿಯುತ್ತದೆ ಎಂದು ಹೇಳಿದರೆ ಅರ್ಧ ಮಂದಿ ದೋಣಿಯಿಂದಲೇ ಹಿಂದಿರುಗುತ್ತಾರೆ, ಉಳಿದರ್ಧ ಮಂದಿ ಹೆದರಿಕೊಂಡೇ ಇಳಿಯುತ್ತಾರೆ; ಹೆದರಿದವನೇ ಉಸಿರು ಕಟ್ಟುವವನು" ಎಂದರು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಹೆದರಿಕೆಯು ಬರುವುದು ಹೇಳುವ ರೀತಿಯಿಂದ. ಒಂದು ಬಲೂನನ್ನೋ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲವನ್ನೋ ಕೆಳಗೆ ಗಾಳಿ ತುಂಬಿ ಮೇಲೆ ತಂದು ತೋರಿಸಿದರೆ ಹೈಸ್ಕೂಲಿನ ಹುಡುಗನು ಹೆದರುವುದಿಲ್ಲ, ಕುತೂಹಲಗೊಳ್ಳುತ್ತಾನೆ. ಇನ್ನೊಂದು ಆಕ್ಷೇಪವೆಂದರೆ, ಮಾರ್ಗದರ್ಶಿಯು ಹಿಡಿದುಕೊಂಡೇ ಇರುತ್ತಾನಲ್ಲ, ಹೊಸಬನಿಗೆ ಕಾರಣವು ತಿಳಿದು ಆಗಬೇಕಾದುದೇನು ಎಂಬುದು. ಮಾರ್ಗದರ್ಶಿಗೆ ಇರುವುದು ಎರಡೇ ಕೈ. ಗಾಬರಿಗೊಂಡ ಇಪ್ಪತ್ತು ವರ್ಷದ ದೃಢಕಾಯನು ಬಿಡಿಸಿಕೊಂಡು ಐದು ಮೀಟರ್ ಮೇಲೇರಲು ಕೆಲವೇ ಕ್ಷಣಗಳು ಸಾಕು. ಅವನ ಕೈಕಾಲನ್ನು ಮಾರ್ಗದರ್ಶಿಯು ಹಿಡಿಯಬಲ್ಲನು, ಗಂಟಲನ್ನು ತೆರೆಸಲಾರನು. ಕಾರಣವು ತಿಳಿಯದವನಿಗೆ ಆ ಕ್ಷಣದಲ್ಲಿ ಎರಡು ಆಜ್ಞೆಗಳು ಎದುರಾಗುವುವು: ಬೆಳಗ್ಗೆ ದೋಣಿಯಲ್ಲಿ ಯಾರೋ ಹೇಳಿದುದೊಂದು, ಹುಟ್ಟಿನಿಂದ ಬಂದುದೊಂದು. ಯಾವುದು ಗೆಲ್ಲುವುದೆಂದು ನಾವು ಎದೆಮಟ್ಟದ ನೀರಿನಲ್ಲಿಯೇ ಕಂಡುಕೊಂಡಿದ್ದೇವೆ.

ಹೊತ್ತಿಲ್ಲವೆಂಬುದು ಮೂರನೆಯ ಆಕ್ಷೇಪ. ಇದನ್ನು ನಾವು ಒಪ್ಪುವುದಿಲ್ಲ. ಮುಂಜಾನೆ ಬಸ್ಸಿನಿಂದಿಳಿದವರನ್ನು ನೇರವಾಗಿ ದೋಣಿಗೆ ಏರಿಸಿ, ಅಲೆಗೆ ಹೊಟ್ಟೆ ತೊಳಸುತ್ತಿರುವಾಗ, ಎಂಜಿನ್ನಿನ ಗದ್ದಲದ ನಡುವೆ, ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಪಾಠ ಹೇಳುವ ಬದಲು, ಹಿಂದಿನ ದಿನ ಸಂಜೆ ಊರಿನಲ್ಲಿಯೇ ಒಂದು ಗಂಟೆ ಕೂರಿಸಿ ಹೇಳಬಹುದು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದು. ಈಜುಕೊಳದಲ್ಲಿ ಒಂದು ಗಂಟೆ ಅಭ್ಯಾಸ ಮಾಡಿಸಬಹುದು. ಕೆಲವರು ಹಾಗೆ ಮಾಡುತ್ತಲೂ ಇದ್ದಾರೆ, ಅವರನ್ನು ಅಭಿನಂದಿಸುತ್ತೇವೆ. ಸ್ವಲ್ಪ ಹೆಚ್ಚು ಹಣವಾದೀತು. ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಪ್ರತ್ಯೇಕವಾಗಿ ಹಣ ಕೊಡಲು ಹಿಂಜರಿಯದವರು ಇದಕ್ಕೂ ಕೊಟ್ಟಾರು.

ಕಾಲೇಜುಗಳ ಭೌತಶಾಸ್ತ್ರದ ಅಧ್ಯಾಪಕರಲ್ಲಿಯೂ ಒಂದು ಮಾತು. ಪಾದರಸದ ಕೊಳವೆಯನ್ನು ತೋರಿಸಿ ಬಾಯ್ಲನ ನಿಯಮವನ್ನು ಮುಗಿಸುವ ದಿನ, ನೇತ್ರಾಣಿಯ ಲೆಕ್ಕವೊಂದನ್ನು ಹಾಕಿಸಿರಿ. ಪ್ರವಾಸಕ್ಕೆಂದು ವಿದ್ಯಾರ್ಥಿಗಳನ್ನು ಕರಾವಳಿಗೆ ಕರೆದೊಯ್ಯುವವರೂ ನಿಮ್ಮಲ್ಲಿಯೇ ಕೆಲವರಲ್ಲವೆ?

ನಿಜವಾಗಿ ಕಲಿಯಬೇಕೆನ್ನುವ ತರುಣರು ಒಂದು ದಿನದ ಪರಿಚಯದಲ್ಲಿ ನಿಲ್ಲಬಾರದೆಂಬುದು ನಮ್ಮ ಸಲಹೆ. ಮೊದಲು ಈಜು ಬರಲಿ. ಅನೇಕ ಕಡೆ 200 ಮೀಟರ್ ಈಜಿ ಹತ್ತು ನಿಮಿಷ ತೇಲುವುದನ್ನು ಪ್ರವೇಶದ ಪರೀಕ್ಷೆಯಾಗಿ ಇಟ್ಟಿದ್ದಾರೆ, ಅದು ಕಷ್ಟವಾದುದಲ್ಲ. ಮೂರು ನಾಲ್ಕು ದಿನಗಳ ಪಾಠ, ನಿಂತ ನೀರಿನಲ್ಲಿ ಅಭ್ಯಾಸ, ಸಮುದ್ರದಲ್ಲಿ ನಾಲ್ಕು ಮುಳುಗು, ಇವು ಮುಗಿದರೆ 18 ಮೀಟರಿನವರೆಗೆ ಜೊತೆಗಾರನೊಡನೆ ಇಳಿಯುವ ಅರ್ಹತಾಪತ್ರವು ದೊರೆಯುವುದು. ಮುರುಡೇಶ್ವರದ ವಿಗ್ರಹದ ಅರ್ಧದಷ್ಟೂ ಆಗಲಿಲ್ಲ. ಆದರೂ ಅಷ್ಟರಲ್ಲಿಯೇ ಜನ್ಮಕ್ಕಾಗುವಷ್ಟು ನೋಡುವುದಿದೆ. ಬೋಧಕನನ್ನು ಆರಿಸುವಾಗ ಅವನು ಎಷ್ಟು ಸಲ ಮುಳುಗಿದ್ದಾನೆಂದು ಕೇಳುವುದು ವಾಡಿಕೆ. "ಇದು ಏಕೆ?" ಎಂದು ಮೂರು ಸಲ ಕೇಳಿ ನೋಡಿರಿ. ಬೇಸರಪಡದೆ ಮೂರನೆಯ ಸಲವೂ ಉತ್ತರ ಕೊಟ್ಟರೆ ಅವನಲ್ಲಿ ಕಲಿಯಬಹುದು.

ಕಾರಣಗಳನ್ನು ಬಲ್ಲವನಿಗೆ ಸಂತೋಷವೂ ಹೆಚ್ಚು. ಕೆಳಗಿಳಿದಂತೆ ಕೆಂಪು ಬಣ್ಣವು ಮೊದಲು ಮಾಸುವುದನ್ನು, ಗಾಜಿನಾಚೆಯ ಮೀನು ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುವುದನ್ನು, ದೋಣಿಯ ಸದ್ದು ಎಲ್ಲ ದಿಕ್ಕುಗಳಿಂದಲೂ ಒಮ್ಮೆಗೇ ಬಂದಂತೆ ಕೇಳಿಸುವುದನ್ನು ಅವನು ಬೆರಗಿನಿಂದ ಗುರುತಿಸುತ್ತಾನೆ. ಒಂದು ನೀಳವಾದ ಉಸಿರನ್ನು ಎಳೆದರೆ ದೇಹವು ಅಂಗೈಯಗಲ ಮೇಲೇರುವುದು, ಬಿಟ್ಟರೆ ಇಳಿಯುವುದು. ಆರ್ಕಿಮಿಡೀಸನು ತೊಟ್ಟಿಯಲ್ಲಿ ಕಂಡುದನ್ನು ಇಲ್ಲಿ ಎದೆಯೇ ತೋರಿಸಿಕೊಡುವುದು. ನಮಗೆ ಆ ವಯಸ್ಸಿನಲ್ಲಿ ಅದು ದೊರೆತುದು ತಡವಾಯಿತೆಂಬ ಕೊರಗು ಉಂಟು.

ನಮ್ಮ ಹುಡುಗನ ಕತೆಯು ಉಳಿಯಿತು. ಲೆಕ್ಕವನ್ನು ಕೇಳಿದ ದಿನ ಅವನು ಸ್ವಲ್ಪ ಬಿಳಿಚಿಕೊಂಡು ಮನೆಗೆ ಹೋದನು. ದಸರೆಯ ರಜೆಯಲ್ಲಿ ಪೂರ್ಣ ಪಾಠಕ್ಕೆ ಸೇರಿ, ಮುಗಿಸಿಕೊಂಡು ಬಂದನು. ಈ ಸಲ ಛಾಯಾಚಿತ್ರವನ್ನು ತಂದಿರಲಿಲ್ಲ. ಒಂದು ಹಾಳೆಯನ್ನು ನಮ್ಮ ಮುಂದೆ ಹಿಡಿದನು. 11 ಲೀಟರ್ ಸಿಲಿಂಡರಿನಲ್ಲಿ 200 ಪಾಲು ಒತ್ತಡವೆಂದರೆ 2200 ಲೀಟರ್ ಗಾಳಿ. ಕಾಲುಭಾಗವನ್ನು ಮೀಸಲಿಟ್ಟರೆ ಉಳಿದುದು 1650. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 18 ಮೀಟರಿನಲ್ಲಿ 56 ಲೀಟರ್ ಬೇಕು. ಆದುದರಿಂದ 29 ನಿಮಿಷ. "ಆದರೆ ನಾನು 19ನೆಯ ನಿಮಿಷಕ್ಕೇ ಮೇಲೆ ಬರಬೇಕಾಯಿತು," ಎಂದನು, "ಲೆಕ್ಕ ಎಲ್ಲಿ ತಪ್ಪಿದೆ?"

ತಪ್ಪಿರಲಿಲ್ಲ. ಹೊಸಬನು ನಿಮಿಷಕ್ಕೆ 20 ಲೀಟರ್‌ನಲ್ಲಿ ನಿಲ್ಲುವವನಲ್ಲ, 30ರವರೆಗೂ ಹೋಗುತ್ತಾನೆಂದು ಹೇಳಿ, ಪೆನ್ಸಿಲನ್ನು ಅವನ ಕೈಗೇ ಕೊಟ್ಟೆವು.